ಸಹಾಯ ಬೇಕು: ಹ್ಯಾಲಿಫ್ಯಾಕ್ಸ್‌ನಿಂದ ಟಾಡ್‌ಮರ್ಡನ್‌ಗೆ, ಮಂಡಿನೋವಿನ ಅಪ್ಪನ ಜೊತೆ

ಎಲ್ಲರಿಗೂ ನಮಸ್ಕಾರ. ನಾನು ಲೀಡ್ಸ್‌ನಲ್ಲಿದ್ದೇನೆ. ಊರಿಂದ ಅಪ್ಪ ಬಂದಿದ್ದಾರೆ. ಮಗ್ಗದ ಮನೆಯಲ್ಲಿ ಬೆಳೆದವರು, ಹಾಗಾಗಿ ಅವರಿಗೆ ಲಂಡನ್‌ಗಿಂತ ಯಾರ್ಕ್‌ಶೈರ್‌ನ ನೇಕಾರರ ಊರುಗಳ ಮೇಲೇ ಆಸೆ ಜಾಸ್ತಿ.

ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್ ನೋಡುವುದಂತೂ ಗಟ್ಟಿ. 1779ರಲ್ಲಿ ಶುರುವಾದ ಬಟ್ಟೆ ಸಂತೆ ಅದು, ಅಂಗಳದ ಸುತ್ತ 300ಕ್ಕೂ ಹೆಚ್ಚು ಕೋಣೆಗಳು. ಮನೆಯಲ್ಲಿ ನೇಯ್ದ ಉಣ್ಣೆ ಬಟ್ಟೆಯ ತಾನುಗಳನ್ನು ಅಲ್ಲಿಗೆ ಹೊತ್ತು ತಂದು ಮಾರುತ್ತಿದ್ದರಂತೆ. ಅದೇ ರೈಲು ದಾರಿಯಲ್ಲಿ ಮುಂದೆ ಹೆಬ್ಡೆನ್ ಬ್ರಿಡ್ಜ್, ಟಾಡ್‌ಮರ್ಡನ್ ಸಿಗುತ್ತವೆ.

ನನ್ನ ತಲೆನೋವು ಹೆಪ್ಟನ್‌ಸ್ಟಾಲ್. ಕೈಮಗ್ಗದ ಕಾಲದ ಊರು, ಹೆಬ್ಡೆನ್ ಬ್ರಿಡ್ಜ್ ಪಕ್ಕದ ಗುಡ್ಡದ ಮೇಲಿದೆ. ಮಗ್ಗಕ್ಕೆ ಬೆಳಕು ಬೀಳಲಿ ಅಂತ ಸಾಲು ಕಿಟಕಿ ಇಟ್ಟ ಕಲ್ಲಿನ ಮನೆಗಳಿವೆ. ಆಮೇಲೆ ಗಿರಣಿಗೆ ನೀರು ಬೇಕಾಯ್ತು, 1804ರ ಹೊತ್ತಿಗೆ ಕಣಿವೆಯಲ್ಲಿ ರಾಚ್‌ಡೇಲ್ ಕಾಲುವೆಯೂ ಬಂತು. ಜನ ಕೆಳಗಿಳಿದರು, ಹೆಬ್ಡೆನ್ ಬ್ರಿಡ್ಜ್ ಬೆಳೆಯಿತು. ಅಪ್ಪನಿಗೆ ಎರಡನ್ನೂ ಒಟ್ಟಿಗೆ ತೋರಿಸಬೇಕು. ಆದರೆ ಹತ್ತುವ ಹಳೇ ಕಲ್ಲುದಾರಿ ವಿಪರೀತ ಕಡಿದು, ಅವರಿಗೋ ಮಂಡಿನೋವು. ವಯಸ್ಸಾದವರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ಭಾನುವಾರ ಮೇಲಕ್ಕೆ ಬಸ್ ಸಿಗುತ್ತಾ, ಟ್ಯಾಕ್ಸಿಯೇ ಗತಿಯಾ?

ಟಾಡ್‌ಮರ್ಡನ್ ಟೌನ್ ಹಾಲ್ ಸುಮ್ನೆ ನನ್ನ ಹುಚ್ಚು. 1875ರಲ್ಲಿ ತೆರೆದಾಗ ಯಾರ್ಕ್‌ಶೈರ್, ಲ್ಯಾಂಕಶೈರ್ ಗಡಿ ಕಟ್ಟಡದ ನಡುವೆಯೇ ಹಾದಿತ್ತು! ಒಂದೇ ದಿನಕ್ಕೆ ಈ ನಾಲ್ಕೂ ಊರು ಅತಿಯಾಯ್ತಾ? ಹತ್ತಿರದಲ್ಲಿ ಸಸ್ಯಾಹಾರಿ ಊಟ ಎಲ್ಲಿ ಅಂತಲೂ ತಿಳಿಸಿ.