ಸಹಾಯ ಬೇಕು: ಫೈಬ್ರೊನೆಕ್ಟಿನ್ ಇಡಿಎ ಆರ್‌ಟಿ-ಪಿಸಿಆರ್‌ನಲ್ಲಿ ಮೂರನೇ ಬ್ಯಾಂಡ್

ಮಾನವ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳಲ್ಲಿ, ಫೈಬ್ರೊನೆಕ್ಟಿನ್ ಪ್ರೋಟೀನಿನ ಎಫ್‌ಎನ್1 ಜೀನಿನ ಇಡಿಎ ಎಕ್ಸಾನ್ (ಕೆಲವೊಮ್ಮೆ ಸೇರುವ, ಕೆಲವೊಮ್ಮೆ ಬಿಟ್ಟುಹೋಗುವ ತುಂಡು) ಆರ್‌ಎನ್‌ಎಯಲ್ಲಿ ಎಷ್ಟು ಪ್ರಮಾಣದಲ್ಲಿ ಉಳಿಯುತ್ತದೆ ಎಂದು ಆರ್‌ಟಿ-ಪಿಸಿಆರ್‌ನಿಂದ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ವರ್ಧಿಸುವ ವಿಧಾನ) ಅಳೆಯುತ್ತಿದ್ದೇವೆ. ಪ್ರೈಮರ್‌ಗಳು (ವರ್ಧನೆ ಆರಂಭಿಸುವ ಗಿಡ್ಡ ಡಿಎನ್‌ಎ ಎಳೆಗಳು) ಅದರ ಎರಡೂ ಬದಿಯ ಎಕ್ಸಾನ್‌ಗಳಲ್ಲಿವೆ. ಇಡಿಎ ಉದ್ದ 270 ಬೇಸ್, ಹಾಗಾಗಿ ಇಡಿಎ ಇದ್ದರೆ 390, ಇಲ್ಲದಿದ್ದರೆ 120 ಬೇಸ್‌ನ, ಹೀಗೆ ಎರಡೇ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಪಟ್ಟಿ) ಬರಬೇಕು. ಆದರೆ 390ರ ಮೇಲೆ ಮಸುಕಾದ ಇನ್ನೊಂದು ಕಾಣುತ್ತಿದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ) ಹಾಕದ ಟ್ಯೂಬ್‌ನಲ್ಲಿ ಏನೂ ಇಲ್ಲ, ಅಂದರೆ ಜೀನೋಮಿಕ್ ಡಿಎನ್‌ಎ ಅಲ್ಲ. ಇದೇ ಜೀನಿನ ಇಂಥದ್ದೇ ಇನ್ನೊಂದು ಎಕ್ಸಾನ್ ಆದ 273 ಬೇಸ್‌ನ ಇಡಿಬಿ ಈ ಪ್ರೈಮರ್‌ಗಳ ನಡುವೆ ಬರುವುದೇ ಇಲ್ಲ.

ನಮ್ಮ ಗುಮಾನಿ ಹೆಟೆರೊಡ್ಯೂಪ್ಲೆಕ್ಸ್ ಮೇಲೆ. 35 ಸೈಕಲ್ ಹೊತ್ತಿಗೆ ಪ್ರೈಮರ್ ಕಡಿಮೆಯಾಗಿ, ಉದ್ದದ ಎಳೆ ಗಿಡ್ಡ ಎಳೆಯೊಂದಿಗೆ ಜೋಡಿಯಾಗುತ್ತದೆ. 270 ಬೇಸ್‌ಗಳು ಕುಣಿಕೆಯಂತೆ ಹೊರಚಾಚಿ ಜೆಲ್‌ನಲ್ಲಿ ಓಟ ನಿಧಾನವಾಗುತ್ತದೆ. 25 ಸೈಕಲ್‌ಗೆ ಇಳಿಸಿದರೆ ಬ್ಯಾಂಡ್ ಬಹುತೇಕ ಮಾಯ. ಅದಕ್ಕಿಂತ ದೊಡ್ಡ ಚಿಂತೆ ಅನುಪಾತದ್ದು: ಗಿಡ್ಡ ತುಂಡು ಸುಲಭವಾಗಿ ವರ್ಧಿಸುವುದರಿಂದ ಇಡಿಎ ಪಾಲು ನಿಜಕ್ಕಿಂತ ಕಡಿಮೆ ಕಾಣುತ್ತದೆ. ಟಿಜಿಎಫ್-ಬೀಟಾ (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್) ಕೊಟ್ಟಾಗ ಆಗುವ ಇಡಿಎ ಏರಿಕೆಯನ್ನು ಇದು ಮರೆಮಾಚಬಾರದು.

ಉತ್ಪನ್ನವನ್ನು 10 ಪಟ್ಟು ತೆಳುಮಾಡಿ, ಹೊಸ ಪ್ರೈಮರ್ ಹಾಕಿ 3 ಸೈಕಲ್ ಓಡಿಸಿದರೆ ಸಾಕೇ, ಎಳೆಗಳನ್ನು ಬೇರ್ಪಡಿಸುವ ಯೂರಿಯಾ ಜೆಲ್ಲೇ ಬೇಕೇ? ಎರಡೂ ರೂಪಗಳ ಪ್ಲಾಸ್ಮಿಡ್‌ಗಳನ್ನು (ಆ ತುಂಡು ಸೇರಿಸಿದ ವೃತ್ತಾಕಾರದ ಡಿಎನ್‌ಎ) ಗೊತ್ತಿರುವ ಅನುಪಾತದಲ್ಲಿ ಬೆರೆಸಿ ತಿದ್ದುಪಡಿ ರೇಖೆ ಎಳೆದವರಿದ್ದೀರಾ? ಇಡಿಎ ಇಲ್ಲದ ರೂಪಕ್ಕೆ, ಎರಡು ಬದಿಯ ಎಕ್ಸಾನ್‌ಗಳು ಕೂಡುವ ಸಂಧಿಯ ಮೇಲೆ ಕೂರುವ ಪ್ರೈಮರ್ ಮಾಡುವಾಗ 3′ ತುದಿಯ ಎಷ್ಟು ಬೇಸ್‌ಗಳನ್ನು ಆಚೆ ದಾಟಿಸುತ್ತೀರಿ? ದಯವಿಟ್ಟು ತಿಳಿಸಿ.