ಅಪ್‌ಡೇಟ್: ಎಸ್‌ಎಸ್‌ಎಚ್‌ನಲ್ಲಿ ಶೇರ್ಡ್ ಲೈಬ್ರರಿ ಸಿಗದಿದ್ದ ಸಮಸ್ಯೆ ಬಗೆಹರಿಯಿತು
ಉಬುಂಟು ಸರ್ವರ್‌ಗೆ ಲಾಗಿನ್ ಆಗಿ ಓಡಿಸಿದರೆ ಪ್ರೋಗ್ರಾಂ ಓಡುತ್ತದೆ, ಅದೇ ಕಮಾಂಡನ್ನು ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸೇರಿಸುವ ಪ್ರೋಗ್ರಾಂ) ಸಾಲಿನಲ್ಲೇ ಕೊಟ್ಟರೆ ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಇಲ್ಲ ಅನ್ನುತ್ತದೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು.

ಲೈಬ್ರರಿ ಇರುವ ಫೋಲ್ಡರನ್ನು ಎಲ್‌ಡಿ ಲೈಬ್ರರಿ ಪಾತ್‌ಗೆ (ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ವೇರಿಯೇಬಲ್) ಸೇರಿಸುವ ಎಕ್ಸ್‌ಪೋರ್ಟ್ ಸಾಲು ಬ್ಯಾಶ್‌ಆರ್‌ಸಿ (ಕಮಾಂಡ್ ನಡೆಸುವ ಬ್ಯಾಶ್ ಶೆಲ್ ಶುರುವಾಗುವಾಗ ಓದುವ ಫೈಲ್) ಫೈಲಿನ ಕೊನೆಯಲ್ಲಿತ್ತು. ಉಬುಂಟು ಕೊಡುವ ಬ್ಯಾಶ್‌ಆರ್‌ಸಿಯ ಶುರುವಿನಲ್ಲೇ ಒಂದು ಚೆಕ್ ಇದೆ: ಶೆಲ್ ಇಂಟರಾಕ್ಟಿವ್ (ನಾವು ಟೈಪ್ ಮಾಡುತ್ತಾ ಬಳಸುವ ರೀತಿ) ಅಲ್ಲದಿದ್ದರೆ ಅಲ್ಲಿಂದಲೇ ರಿಟರ್ನ್. ಎಸ್‌ಎಸ್‌ಎಚ್ ಜೊತೆ ಕಮಾಂಡ್ ಕಳಿಸಿದಾಗ ಆಗುವುದು ಇದೇ. ಕೊನೆಯ ಸಾಲಿನ ತನಕ ಶೆಲ್ ಬರುವುದೇ ಇಲ್ಲ! ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳು ಎಲ್ಲಿ ಸಿಗುತ್ತವೆ ಎಂದು ತೋರಿಸುವ ಎಲ್‌ಡಿಡಿ ಕಮಾಂಡನ್ನೂ ಹಾಗೇ ಕಳಿಸಿ ನೋಡಿದೆ. ಆ ಲೈಬ್ರರಿಯ ಮುಂದೆ 'ನಾಟ್ ಫೌಂಡ್'. ಲಾಗಿನ್ ಆಗಿ ನೋಡಿದರೆ ಪೂರ್ತಿ ಪಾತ್ ಕಾಣುತ್ತದೆ.

ಆ ಸಾಲನ್ನು ಮೇಲಕ್ಕೆ ತಂದರೆ ಎಸ್‌ಎಸ್‌ಎಚ್‌ಗೆ ಸಾಕು. ಆದರೆ ಕ್ರಾನ್ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವುದು) ಬ್ಯಾಶ್‌ಆರ್‌ಸಿ ಓದುವುದಿಲ್ಲ, ಸುಡೋ (ಅಡ್ಮಿನ್ ಹಕ್ಕಿನಲ್ಲಿ ಕಮಾಂಡ್ ಓಡಿಸುವುದು) ಎಲ್‌ಡಿ ಲೈಬ್ರರಿ ಪಾತ್ ವೇರಿಯೇಬಲ್ಲನ್ನು ಕಿತ್ತುಹಾಕುತ್ತದೆ. ಹಾಗಾಗಿ ಇಟಿಸಿ ಒಳಗಿನ ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಪಾತ್ ಬರೆದೆ. ಫೈಲಿನ ಹೆಸರು ಡಾಟ್ ಕಾನ್ಫ್ ಎಂದೇ ಮುಗಿಯಬೇಕು. ಆಮೇಲೆ ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿ ಮಾಡುವ ಸುಡೋ ಎಲ್‌ಡಿಕಾನ್ಫಿಗ್ ಕಮಾಂಡ್, ಅಷ್ಟೇ. ಬ್ಯಾಶ್‌ಆರ್‌ಸಿಯ ಸಾಲನ್ನು ತೆಗೆದೆ. ಇದ್ದರೆ ಬೇರೆ ಪ್ರೋಗ್ರಾಂಗಳೂ ಸುಮ್ನೆ ಅಲ್ಲೇ ಮೊದಲು ಹುಡುಕುತ್ತವೆ.

ಈಗ ಎಲ್ಲ ಕಡೆ ಓಡುತ್ತಿದೆ. ಎಲ್‌ಡಿಡಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.