ಮನಿ ಶಿಫ್ಟ್

ಸೀನ ಹೋಟೆಲ್ ಮುಂದೆ ಕಾರು ನಿಲ್ಲಿಸಿದ. ಆಫ್ ಮಾಡೋ ಮೊದಲು ನಾಲ್ಕು ಸಲ ಜೋರಾಗಿ ರೇಸ್ ಮಾಡಿದ. ಪಟ್ ಪಟ್ ಪಟ್ ಅಂತ ಸದ್ದು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಬೇಜಾರು ಮಾಡಿಕೊಂಡು ಎದ್ದು ಹೋಯಿತು.

"ಏನ್ ತಮ್ಮಾ, ಕಾರಿಗೆ ಕೆಮ್ಮಾ?" ಅಂದರು ಪಾಟೀಲರು.

"ಅದು ಲಿಮಿಟರ್ ಪಾಟೀಲ್ರೆ. ಎಷ್ಟು ಒತ್ತಿದರೂ ರೆಡ್‌ಲೈನ್, ಅಂದ್ರೆ ಇಂಜಿನ್ ಸುತ್ತೋ ವೇಗದ ಮಿತಿ, ದಾಟೋಕೆ ಬಿಡಲ್ಲ, ಪೆಟ್ರೋಲ್ ಕಟ್ ಮಾಡುತ್ತೆ. ಇಂಜಿನ್‌ಗೆ ಏನೂ ಆಗಲ್ಲ."

"ಬಾಗಲಕ್ಕ ಬೀಗ ಐತಿ ಅಂತ ದಿನಾ ಒದ್ದು ನೋಡ್ತೀಯೇನು?"

ಮೂರ್ತಿ ಬೈಟು ಕಾಫಿ ಹೇಳಿದ. ಸೀನ ಬಿಡಲಿಲ್ಲ. "1999ರ ಹೋಂಡಾ ಎಸ್2000 ಗೊತ್ತಾ? ರೆಡ್‌ಲೈನ್ ನಿಮಿಷಕ್ಕೆ 9,000 ಸುತ್ತು. ಸೆಕೆಂಡಿಗೆ 150 ಸುತ್ತು! ಪಿಸ್ಟನ್ನು ಸೆಕೆಂಡಿಗೆ ಸರಾಸರಿ 25 ಮೀಟರ್ ಓಡುತ್ತೆ. ಅದೂ 84 ಮಿಲಿಮೀಟರ್ ಜಾಗದಲ್ಲಿ."

"ನನ್ನ ಮೊದಲನೇ ಬಾಡಿಗಿ ರೂಮಿನಾಗ ನಾನೂ ಹಂಗೇ ಓಡಾಡೀನಿ."

"ಗಟ್ಟಿ ಸ್ಪ್ರಿಂಗು, ಗಟ್ಟಿ ಪಿಸ್ಟನ್ನು, ತಡ್ಕೊಳ್ಳುತ್ತೆ. ಭಯ ಅಂದ್ರೆ ಮನಿ ಶಿಫ್ಟ್ ಒಂದೇ."

"ನನಗೂ ಅದೇ ಭಯ. ಬೆಂಗಳೂರಿಗೆ ಬಂದು ಏಳು ಸಲ ಮಾಡೀನಿ."

"ಏಳು ಇಂಜಿನ್ ಹೋಯ್ತಾ!"

"ಇಂಜಿನ್ ಯಾಕ? ಅಡ್ವಾನ್ಸ್ ಹೋತು. ಧಾರವಾಡದಾಗ ಮನಿ ಅಂದ್ರ ಮನೆನಪ್ಪಾ."

ಸೀನ ತಲೆ ಚಚ್ಚಿಕೊಂಡ. ಇದು ಇಂಗ್ಲಿಷಿನ ಮನಿ, ದುಡ್ಡು. ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಗೇರು ಕೈತಪ್ಪಿ ಎರಡಕ್ಕೆ ಬೀಳುತ್ತೆ. ಅದೇ ಹೋಂಡಾ ಮೂರರಲ್ಲಿ 9,000 ಇದ್ದರೆ ಎರಡರಲ್ಲಿ 12,000 ದಾಟುತ್ತೆ.

"ಆವಾಗ ನಿನ್ನ ಲಿಮಿಟರ್ ಎಲ್ಲಿ ಹೋಗಿರ್ತದ?"

"ಪೆಟ್ರೋಲ್ ನಿಲ್ಲಿಸುತ್ತೆ. ಆದ್ರೆ ಆಗ ಇಂಜಿನ್ ತಿರುಗಿಸ್ತಿರೋದು ಪೆಟ್ರೋಲ್ ಅಲ್ಲ, ಚಕ್ರ."

"ಓನರ್ ಮಗನ ಮದುವಿ ಗೊತ್ತಾದಂಗ. ಖಾಲಿ ಮಾಡ್ರಿ ಅಂದ ಮ್ಯಾಲ, ಬಾಡಿಗಿ ಟೈಮಿಗೆ ಕೊಟ್ಟೀವಿ ಅಂದ್ರ ಯಾರು ಕೇಳ್ತಾರ?"

"ಒಡೆಯೋದು ಏನು?" ಅಂದ ಮೂರ್ತಿ.

"ವಾಲ್ವ್, ಇಂಜಿನ್ನಿಗೆ ಗಾಳಿ ಒಳಗೆ ಹೊರಗೆ ಬಿಡೋ ಮುಚ್ಚಳ. ಅಷ್ಟು ಸ್ಪೀಡಿಗೆ ಸ್ಪ್ರಿಂಗು ಅದನ್ನ ಮುಚ್ಚೋಕಾಗಲ್ಲ. ಪಿಸ್ಟನ್ ಮೇಲೆ ಬರುತ್ತೆ, ವಾಲ್ವ್ ಇನ್ನೂ ಬಾಗಿಲಲ್ಲೇ ಇರುತ್ತೆ. ಢಿಕ್ಕಿ!"

"ನಮ್ಮ ತಿಜೋರಿ ಏರೋ ಹೊತ್ತಿಗೇ ಹಳೇ ಬಾಡಿಗಿಯವರ ಮಂಚ ಇಳೀತಿತ್ತು."

"ಫಾರ್ಮುಲಾ ಒನ್‌ನಲ್ಲಿ ಆ ಸ್ಪ್ರಿಂಗೇ ಇಲ್ಲ. ಒತ್ತಿ ತುಂಬಿದ ಗಾಳಿ ಮುಚ್ಚುತ್ತೆ. ರೆನೋದವರು 1986ರಲ್ಲೇ ತಂದಿದ್ರು."

"ಗಾಳಿ ಬರ್ತದ ಅಂತ ನಮ್ಮ ಓನರೂ ಹೇಳಿದ್ದ. ಕಿಟಕಿನೇ ಇರಲಿಲ್ಲ."

ಸೀನ ಸೋಲೊಪ್ಪಲಿಲ್ಲ. "ಪೋರ್ಷೆ ಕಂಪ್ಯೂಟರ್ ಇದನ್ನೆಲ್ಲ ಬರೆದಿಟ್ಟಿರುತ್ತೆ. ಎಷ್ಟು ಸಲ ಮಿತಿ ದಾಟಿತ್ತು, ಕೊನೇ ಸಲ ಯಾವಾಗ ಅಂತ. ಸೆಕೆಂಡ್‌ಹ್ಯಾಂಡ್ ಕೊಳ್ಳೋರು ಮೊದಲು ಅದನ್ನೇ ಕೇಳ್ತಾರೆ."

ಪಾಟೀಲರು ಕಾಫಿ ಲೋಟ ಕೆಳಗಿಟ್ಟರು.

"ನಮ್ಮ ತಿಜೋರಿನೂ ಬರದಿಟ್ಟದ. ಏಳು ನೆಗ್ಗು, ಮನಿಗೊಂದು. ಮೂರನೇದು ರಾಜಾಜಿನಗರದ್ದು. ಮಗಳು ಅದನ್ನ ಹಿಡಕೊಂಡೇ ನಡಿಯೋದು ಕಲ್ತಳು. ಈಗ ಪುಣೆದಾಗ ಇದಾಳ. ಮಾರಿಬಿಡ್ರಿ ಅಂತಾಳ."

ಯಾರೂ ಮಾತಾಡಲಿಲ್ಲ. ಬಿಲ್ಲು ಮೂರ್ತಿ ಕೊಟ್ಟ.

ಹೊರಡುವಾಗಲೂ ಸೀನ ರೇಸ್ ಮಾಡಿದ. ಎರಡೇ ಸಲ.